ಮಳೆ ಹೊಯ್ಯುತ್ತಿದೆ, ಹಳ್ಳ ಇಳಿದಿದೆ

ಪ್ರಶ್ನೆ: ನಮ್ಮ ಮನೆ ಗುಡ್ಡದ ಬುಡದಲ್ಲಿದೆ, ಪಕ್ಕದಲ್ಲೇ ಹಳ್ಳ. ಮೊನ್ನೆ ಮೂರು ದಿನ ಬಿಡದೆ ಮಳೆ ಸುರಿಯಿತು. ಮೂರನೇ ದಿನ ಸಂಜೆ, ಮಳೆ ಹಾಗೇ ಇದ್ದರೂ, ಹಳ್ಳದ ನೀರು ದಿಢೀರನೆ ಅರ್ಧಕ್ಕಿಳಿಯಿತು. ಸದ್ಯ ಬಚಾವಾದೆವು ಅಂದುಕೊಂಡೆವು. ಅತ್ತೆ ಮಾತ್ರ ಮಕ್ಕಳನ್ನು ಕರೆದುಕೊಂಡು ದಿಣ್ಣೆ ಮೇಲಿನ ನೆಂಟರ ಮನೆಗೆ ಹೋಗಿಬಿಟ್ಟರು. ರಾತ್ರಿ ಏನೂ ಆಗಲಿಲ್ಲ. ಈಗ ಎಲ್ಲರೂ ಅವರನ್ನು ರೇಗಿಸುತ್ತಿದ್ದಾರೆ. ಅವರು ಹೆದರಿದ್ದು ಸುಮ್ನೆ ಅಲ್ವಾ?
– ಹೆಸರು ಬೇಡ ಎಂದ ಓದುಗರು

ಉತ್ತರ: ಸುಮ್ನೆ ಅಲ್ಲ. ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ರೇಗಿಸುವವರ ಮುಂದೆ ಈ ಉತ್ತರವನ್ನು ಜೋರಾಗಿ ಓದಿ.

ಮಳೆ ನಿಂತು ಹಳ್ಳ ಇಳಿದರೆ ಸಹಜ. ಮಳೆ ಹೊಯ್ಯುತ್ತಿರುವಾಗಲೇ ಇಳಿದರೆ, ಆ ನೀರೆಲ್ಲ ಎಲ್ಲಿಗೆ ಹೋಯಿತು ಅಂತ ಕೇಳಬೇಕು. ಅದು ಮೇಲೆಲ್ಲೋ ನಿಂತಿರಬಹುದು. ಗುಡ್ಡ ಜಾರಿ ಮಣ್ಣು, ಬಂಡೆ, ಬೇರುಸಮೇತ ಕಿತ್ತ ಮರಗಳು ಹಳ್ಳಕ್ಕೆ ಅಡ್ಡ ಬಿದ್ದಿರುತ್ತವೆ. ಯಾರೂ ಕಟ್ಟದ ಕಟ್ಟೆ ಅದು. ಕೋಡಿ ಇಲ್ಲ, ತೂಬು ಇಲ್ಲ. ಹಿಂದೆ ನೀರು ಏರುತ್ತಲೇ ಹೋಗುತ್ತದೆ. ತುಂಬಿ ಮೇಲೆ ಹರಿಯತೊಡಗಿದರೆ ಸಡಿಲ ಮಣ್ಣು ಬೇಗ ಕೊರೆದುಹೋಗುತ್ತದೆ. ಒಂದು ಘನ ಮೀಟರ್ ನೀರು ಅಂದರೆ ಒಂದು ಟನ್ ತೂಕ. ಮಣ್ಣು ಕಲ್ಲು ಬೆರೆತರೆ ಇನ್ನೂ ಜಾಸ್ತಿ.

ಭೂವಿಜ್ಞಾನ ಓದಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಇದು ನನಗೇ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಓದಿದ್ದೆ, ಅಷ್ಟೆ. ಒಂದು ಮಳೆಗಾಲದ ಮಧ್ಯಾಹ್ನ ಹಳ್ಳ ದಾಟಲಾಗದೆ ದಡದಲ್ಲಿ ಕೂತಿದ್ದೆವು. ನೋಡನೋಡುತ್ತಾ ನೀರು ಇಳಿಯಿತು. ಕಲ್ಲುಗಳ ನಡುವಿನ ಗುಂಡಿಯಲ್ಲಿ ಬೆರಳುದ್ದದ ಮೀನುಗಳು ಒದ್ದಾಡುತ್ತಿದ್ದವು. ಬಂಡೆಗಳ ಮೇಲೆ ನನ್ನ ಎದೆಮಟ್ಟಕ್ಕೆ ಒದ್ದೆ ಗೆರೆ. ನಾನು ಪ್ಯಾಂಟ್ ಮಡಚಿ ಇಳಿದೇಬಿಟ್ಟೆ. ಸಾಮಾನು ಹೊರಲು ಬಂದಿದ್ದ ಹಿರಿಯರು ನನ್ನ ಬ್ಯಾಗಿನ ಪಟ್ಟಿ ಹಿಡಿದು ಹಿಂದಕ್ಕೆ ಎಳೆದರು. "ಸ್ವಾಮಿ, ಹಳ್ಳ ಉಸಿರು ಕಟ್ಟಿದೆ" ಅಂದರು. ಅರ್ಧ ಗಂಟೆಯೂ ಆಗಿರಲಿಲ್ಲ. ಮೊದಲು ಹಸಿ ಮಣ್ಣಿನ ವಾಸನೆ, ಆಮೇಲೆ ಸದ್ದು, ಆಮೇಲೆ ಮರಗಳನ್ನು ಉರುಳಿಸುತ್ತಾ ಬಂದ ಕೆಸರು. ಆ ಮೀನಿನ ಗುಂಡಿ ಇದ್ದ ಜಾಗವೇ ಆಮೇಲೆ ಗುರುತು ಸಿಗಲಿಲ್ಲ.

ಕಟ್ಟೆ ಯಾವಾಗಲೂ ಅಷ್ಟು ಬೇಗ ಒಡೆಯುತ್ತದೆ ಅಂತಲ್ಲ. 1893ರಲ್ಲಿ ಈಗಿನ ಉತ್ತರಾಖಂಡದ ಗಢವಾಲ ಪ್ರದೇಶದ ಗೋಹನಾ ಎಂಬಲ್ಲಿ ಗುಡ್ಡ ಕುಸಿದು ಬಿರಹಿ ಗಂಗಾ ನದಿ ಕಟ್ಟಿಕೊಂಡಿತು. ಸರೋವರವೇ ಆಯಿತು. ಒಡೆದದ್ದು 1894ರ ಆಗಸ್ಟ್‌ನಲ್ಲಿ, ಸುಮಾರು ಹನ್ನೊಂದು ತಿಂಗಳ ನಂತರ. ಅಷ್ಟರಲ್ಲಿ ಎಂಜಿನಿಯರುಗಳು ನೀರು ಏರುವುದನ್ನು ಅಳೆದು, ಟೆಲಿಗ್ರಾಫ್ ತಂತಿ ಎಳೆಸಿ, ಕೆಳಗಿನ ಜನರನ್ನು ಎಬ್ಬಿಸಿದ್ದರು. ಗಢವಾಲದ ಶ್ರೀನಗರ ಪಟ್ಟಣ ಕೊಚ್ಚಿಹೋಯಿತು. ಸತ್ತವರು ಐದೇ ಜನ: ಎಬ್ಬಿಸಿ ಕಳಿಸಿದ ಮೇಲೂ ವಾಪಸ್ ಬಂದ ಒಬ್ಬ ಫಕೀರ ಮತ್ತು ಅವನ ಮನೆಯವರು.

ಮಳೆ ನಿಂತಿತು, ಇನ್ನು ಭಯವಿಲ್ಲ ಅನ್ನುವುದೂ ತಪ್ಪು. ಗುಡ್ಡದೊಳಗೆ ಇಳಿದ ನೀರು ಮಣ್ಣಿನ ಕಣಗಳ ನಡುವೆ ಒತ್ತುತ್ತಲೇ ಇರುತ್ತದೆ. ಅಮೆರಿಕದ ಓಸೋದಲ್ಲಿ 2014ರ ಮಾರ್ಚ್ 22ರಂದು ಗುಡ್ಡ ಜಾರಿ 43 ಜನ ಸತ್ತರು. ವಾರಗಟ್ಟಲೆ ಸುರಿದಿದ್ದ ಮಳೆ ಆ ಬೆಳಗ್ಗೆ ಇರಲಿಲ್ಲ.

ಮುಂದೆ ಹೀಗಾದರೆ ಹಳ್ಳದ ಗುಂಟ ಕೆಳಗೆ ಓಡಬೇಡಿ, ಕೆಸರಿನ ಜೊತೆ ಓಡಿ ಗೆಲ್ಲೋಕಾಗಲ್ಲ. ಹಳ್ಳ ದಾಟದೆ, ಅದರಿಂದ ದೂರಕ್ಕೆ, ಪಕ್ಕದ ಎತ್ತರಕ್ಕೆ ಹೋಗಿ. ನಿಮ್ಮ ಅತ್ತೆ ಮಾಡಿದ್ದೂ ಅದನ್ನೇ.

ರಾತ್ರಿ ಏನೂ ಆಗಲಿಲ್ಲ ಅಂದಿದ್ದೀರಿ. ಹಳ್ಳ ಮತ್ತೆ ಮೊದಲಿನಷ್ಟು ತುಂಬಿತೇ? ಅದನ್ನು ಬರೆದಿಲ್ಲ. ತುಂಬಿಲ್ಲವಾದರೆ ಕಟ್ಟೆ ಮೇಲೆ ಹಾಗೇ ಇರಬಹುದು. ನೀವೇ ನೋಡಲು ಹೋಗಬೇಡಿ. ಅಗ್ನಿಶಾಮಕದವರಿಗೋ ವಿಪತ್ತು ನಿರ್ವಹಣೆಯವರಿಗೋ ಇವತ್ತೇ ಫೋನ್ ಮಾಡಿ. ಅವರು ನೋಡಿ ಬರುವವರೆಗೆ ಮಕ್ಕಳು ಆ ನೆಂಟರ ಮನೆಯಲ್ಲೇ ಮಲಗಲಿ.