ಡ್ಯಾಮೂ ಜೋಗವೂ ಒಂದೇ ದಿನದಲ್ಲಿ, ಸೈಕಲ್ ಮೇಲೆ

‘ಒಂದೇ ದಿನದಲ್ಲಿ ಡ್ಯಾಮೂ ಜಲಪಾತವೂ ಎರಡೂ ಸಿಗಬೇಕು, ದೊಡ್ಡ ಘಾಟಿ ಇರಬಾರದು, 60-70 ಕಿ.ಮೀ. ತುಳಿದು ಅಭ್ಯಾಸವಿದೆ, ಯಾವ ರೂಟ್ ಒಳ್ಳೆಯದು?’ ಅಂತ ಕೇಳಿದ್ದೀರಿ.

ಸಾಗರದಿಂದ ಹೊರಡಿ. ತಾಳಗುಪ್ಪ, ಕಾರ್ಗಲ್, ಲಿಂಗನಮಕ್ಕಿ ಡ್ಯಾಮ್, ಆಮೇಲೆ ಜೋಗ, ಮತ್ತೆ ಸಾಗರ. ಎಲ್ಲ ಸೇರಿ 75-80 ಕಿ.ಮೀ. ಆಗುತ್ತದೆ. ನಿಮ್ಮ ಅಭ್ಯಾಸಕ್ಕಿಂತ ಒಂಚೂರು ಜಾಸ್ತಿ, ಆದರೆ ಇಡೀ ದಿನ ಕೈಯಲ್ಲಿದೆಯಲ್ಲ. ನಾನು ಸಾಗರ ತಾಲ್ಲೂಕಿನವನು, ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಊರಿನ ಅಭಿಮಾನ ಇದ್ದೇ ಇರುತ್ತದೆ.

ರೂಟ್‌ಗಿಂತ ಮುಖ್ಯವಾದದ್ದು ಯಾವಾಗ ಹೋಗುತ್ತೀರಿ ಅನ್ನುವುದು. ಇದನ್ನು ನಾನು ಎರಡು ಸಲ ತಪ್ಪು ಮಾಡಿ ಕಲಿತೆ. ಮೊದಲ ಸಲ ಜುಲೈನಲ್ಲಿ ಹೋದೆ. ಬೆಳಿಗ್ಗೆ ಎಂಟಕ್ಕೇ ಜೋಗದಲ್ಲಿದ್ದೆ. ಎದುರಿಗೆ ಬರೀ ಬಿಳಿ ಮಂಜು. ಸದ್ದು ಕೇಳುತ್ತದೆ, ನೀರು ಕಾಣುವುದಿಲ್ಲ. ಎರಡು ಗಂಟೆ ಕಾಯ್ದು, ಎರಡು ಪ್ಲೇಟ್ ಮೆಣಸಿನಕಾಯಿ ಬಜ್ಜಿ ತಿಂದ ಮೇಲೆ, ಎರಡೇ ನಿಮಿಷ ಮಂಜು ಸರಿಯಿತು. ಎರಡನೇ ಸಲ ಮಳೆಯ ಸಹವಾಸವೇ ಬೇಡ ಅಂತ ಫೆಬ್ರವರಿಯಲ್ಲಿ ಹೋದೆ. ಬಂಡೆ ಚೆನ್ನಾಗಿ ಕಂಡಿತು. ನೀರು ಮಾತ್ರ ದಾರದ ಹಾಗೆ.

ಅದಕ್ಕೆ ಕಾರಣ ನೀವು ಕೇಳಿದ ಆ ಡ್ಯಾಮೇ. 1964ರಲ್ಲಿ ಲಿಂಗನಮಕ್ಕಿ ಆದ ಮೇಲೆ ಶರಾವತಿಯ ನೀರು ಹೆಚ್ಚಿನಂಶ ಜಲಪಾತದ ಕಡೆ ಬರುವುದೇ ಇಲ್ಲ. ತಲಕಳಲೆ ಜಲಾಶಯಕ್ಕೆ ಹೋಗಿ, ಅಲ್ಲಿಂದ ಪೈಪಿನಲ್ಲಿಳಿದು ಕರೆಂಟ್ ಆಗುತ್ತದೆ. ಶರಾವತಿ ವಿದ್ಯುದಾಗಾರ ಒಂದರದ್ದೇ ಸಾಮರ್ಥ್ಯ 1035 ಮೆಗಾವ್ಯಾಟ್. ಜೋಗಕ್ಕೆ ಸಿಗುವುದು ಡ್ಯಾಮಿನ ಕೆಳಗೆ ಬಿದ್ದ ಮಳೆ ನೀರು, ಇಲ್ಲವೇ ಡ್ಯಾಮ್ ತುಂಬಿ ಗೇಟ್ ಎತ್ತಿದಾಗ ಬರುವ ಹೊಳೆ. ತುಂಬಿದ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಮಳೆಗಾಲದಲ್ಲಿ ಪೇಪರಿನಲ್ಲಿ ದಿನಾ ಡ್ಯಾಮಿನ ಮಟ್ಟ ಹಾಕುತ್ತಾರೆ, ನೋಡುತ್ತಾ ಇರಿ. ನಮ್ಮ ಕಡೆ ಮಳೆಗಾಲದಲ್ಲಿ ಫೋನ್ ಮಾಡಿದರೆ ‘ಆರಾಮಾ?’ ಆದ ಮೇಲೆ ಎರಡನೇ ಪ್ರಶ್ನೆಯೇ ‘ಡ್ಯಾಮ್ ಎಷ್ಟಾಯ್ತು?’ ಎಲ್ಲ ವರ್ಷವೂ ತುಂಬುವುದಿಲ್ಲ. ತುಂಬದಿದ್ದರೂ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಸೈಕಲ್‌ಗೆ ಒಳ್ಳೆಯ ಕಾಲ. ಮಳೆ ಇಳಿದಿರುತ್ತದೆ, ಬಂಡೆಯಲ್ಲಿ ಇನ್ನೂ ನೀರಿರುತ್ತದೆ.

ಈಗ ದಾರಿ. ಬೆಳಿಗ್ಗೆ ಆರಕ್ಕೆ ಸಾಗರ ಬಿಡಿ. ಹೊನ್ನಾವರದ ಕಡೆಗೆ ಹೋಗುವ ಹೆದ್ದಾರಿ ಇದು. ಅಷ್ಟು ಹೊತ್ತಿಗೆ ವಾಹನ ಕಡಿಮೆ. ಸಣ್ಣ ಏರು, ಸಣ್ಣ ಇಳಿಜಾರು, ಎರಡೂ ಕಡೆ ಗದ್ದೆ, ಅಡಿಕೆ ತೋಟ. ತಾಳಗುಪ್ಪದಲ್ಲಿ ತಿಂಡಿ ಮುಗಿಸಿ. ರೈಲು ಹಳಿ ಮುಗಿಯುವುದೂ ಅಲ್ಲೇ. ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಬರುವುದಾದರೆ ತಾಳಗುಪ್ಪದಿಂದಲೇ ಶುರು ಮಾಡಬಹುದು, ಹೋಗಿ ಬರುವ ಲೆಕ್ಕದಲ್ಲಿ 30 ಕಿ.ಮೀ. ಕಡಿಮೆಯಾಗುತ್ತದೆ.

ಜೋಗದ ಹತ್ತಿರ ಬಂದಾಗ ಜಲಪಾತಕ್ಕೆ ನಿಲ್ಲಬೇಡಿ. ಕಷ್ಟ, ಗೊತ್ತು. ಕಾರ್ಗಲ್ ಕಡೆ ಹೋಗಿ ಮೊದಲು ಡ್ಯಾಮ್ ನೋಡಿ. ಅದು ಕಾವಲಿರುವ ಜಾಗ, ಕಾವಲಿನವರು ಎಲ್ಲಿಯವರೆಗೆ ಬಿಡುತ್ತಾರೋ ಅಲ್ಲಿಯವರೆಗೆ ಹೋಗಿ, ಕ್ಯಾಮೆರಾ ಹೊರಗೆ ತೆಗೆಯುವ ಮುಂಚೆ ಕೇಳಿ. ಆ ನೀರಿನ ಅಡಿಯಲ್ಲಿ ಇನ್ನೊಂದು ಡ್ಯಾಮ್ ಇದೆ, ಹಿರೇಭಾಸ್ಕರದ್ದು. ನಾವು ಮಡೇನೂರು ಡ್ಯಾಮ್ ಅನ್ನುತ್ತೇವೆ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಮೇಲೆ ಕಾಣುತ್ತದೆ. ಅದರ ಜೊತೆ ಎಷ್ಟೋ ಮನೆ, ಗದ್ದೆ, ತೋಟವೂ ಮುಳುಗಿದವು. ನಮ್ಮಲ್ಲಿ ‘ಮುಳುಗಡೆಯವರು’ ಅಂದರೆ ಯಾರೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿಂದ ವಾಪಸ್ ಜೋಗಕ್ಕೆ ಬರುವ ಹೊತ್ತಿಗೆ ಹನ್ನೊಂದಾಗಿರುತ್ತದೆ, ಮಂಜು ಕರಗಿರುತ್ತದೆ. ಮೊದಲು ಡ್ಯಾಮ್ ಅಂದಿದ್ದು ಅದಕ್ಕೇ. ಎಡದಿಂದ ರಾಜ, ರೋರರ್, ರಾಕೆಟ್, ರಾಣಿ. ಎತ್ತರ 253 ಮೀಟರ್. ಕೆಳಗಿಳಿಯುವ ಮೆಟ್ಟಿಲು ತೆರೆದಿದ್ದರೂ ನೀವು ಇಳಿಯಬೇಡಿ. ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಬಂದ ಕಾಲಿನಲ್ಲಿ ಮತ್ತೆ ಪೆಡಲ್ ತುಳಿಯುವುದು ಬೇಡದ ಸಾಹಸ. ನನ್ನ ಗೆಳೆಯನೊಬ್ಬ ಇಳಿದು ಹತ್ತಿದ, ಆಮೇಲೆ ಅವನೂ ಸೈಕಲ್ಲೂ ಗೂಡ್ಸ್ ಆಟೋದಲ್ಲಿ ಸಾಗರಕ್ಕೆ ಬಂದರು.

ಇನ್ನೊಂದು ಆಸೆಗೂ ಬೀಳಬೇಡಿ. ಮಾವಿನಗುಂಡಿ ದಾಟಿದರೆ ಗೇರುಸೊಪ್ಪೆ ಕಡೆಗೆ ಸೊಗಸಾದ ಇಳಿಜಾರು ಇದೆ. ಇಳಿದಿರೋ, ಅಷ್ಟನ್ನೂ ಹತ್ತಬೇಕು. ಕಾರ್ಗಲ್‌ನಿಂದ ಭಟ್ಕಳದ ಕಡೆ ಹೋಗುವ ಕೋಗಾರು ಘಾಟಿಯ ಕಥೆಯೂ ಅಷ್ಟೇ.

ಸಾಮಾನಿನಲ್ಲಿ ಒಂದು ವಿಷಯ ಒತ್ತಿ ಹೇಳುತ್ತೇನೆ. ನಿಮ್ಮ ಸೈಕಲ್ ಟ್ಯೂಬಿನದು ಸಪೂರ ಪ್ರೆಸ್ಟಾ ವಾಲ್ವ್ ಆಗಿದ್ದರೆ ದಾರಿಯ ಪಂಕ್ಚರ್ ಅಂಗಡಿಯ ಗಾಳಿ ಪೈಪು ಅದಕ್ಕೆ ಕೂರುವುದಿಲ್ಲ. ಕಡಿಮೆ ಬೆಲೆಗೆ ಸಿಗುವ ಹಿತ್ತಾಳೆಯ ಅಡಾಪ್ಟರ್ ಒಂದು, ಎರಡು ಟ್ಯೂಬ್, ಕೈ ಪಂಪ್ ಇಟ್ಟುಕೊಳ್ಳಿ. ಮೂತ್ರಕ್ಕೆ ಅಂತ ಹುಲ್ಲಿನೊಳಗೆ ಇಳಿದರೆ ಸಾಕ್ಸ್ ನೋಡಿಕೊಳ್ಳಿ, ಉಂಬಳ (ಜಿಗಣೆ) ಹತ್ತಿರುತ್ತದೆ. ಕೀಳಬೇಡಿ, ಉಪ್ಪು ಮುಟ್ಟಿಸಿ.

ವಾಪಸ್ ಬರುವಾಗ ಏರು ಸ್ವಲ್ಪ ಜಾಸ್ತಿ ಅನ್ನಿಸುತ್ತದೆ. ನಿಮ್ಮ ಭ್ರಮೆಯಲ್ಲ, ಸಾಗರ ಜೋಗಕ್ಕಿಂತ ಎತ್ತರದಲ್ಲಿದೆ. ಮಧ್ಯಾಹ್ನ ಎರಡಕ್ಕೆ ಜೋಗ ಬಿಟ್ಟರೆ ಆರಾಮಾಗಿ ತಲುಪುತ್ತೀರಿ. ನಾಲ್ಕರ ಮೇಲೆ ಬಸ್ಸು, ಟೂರಿಸ್ಟ್ ಕಾರುಗಳ ಭರಾಟೆ ಶುರುವಾಗುತ್ತದೆ, ಡಾಂಬರಿನ ಅಂಚು ಕೆಲವು ಕಡೆ ಗೇಣುದ್ದ ಕುಸಿದಿದೆ. ಹಿಂದಿನ ಕೆಂಪು ಲೈಟ್ ಹಗಲಲ್ಲೂ ಉರಿಯುತ್ತಿರಲಿ.