ಮಗನ ಮುಂಗೈ ಮೂಳೆ ಉದ್ದ ಮಾಡಿಸಬೇಕಾ? ಮಗಳಿಗೆ ಮಾಡಿಸಿದ ಅಪ್ಪನ ಉತ್ತರ

ನಿಮ್ಮ ಪ್ರಶ್ನೆ ಇಷ್ಟು: ಮಗನಿಗೆ 8 ವರ್ಷ. ಮೈಯಲ್ಲಿ ಅಲ್ಲಲ್ಲಿ ಮೂಳೆಯ ಗಂಟುಗಳಿವೆ, ನಿಮ್ಮ ಯಜಮಾನರಿಗೂ ಇವೆ. ಹುಡುಗನ ಎಡ ಮುಂಗೈ ಬಾಗುತ್ತಿದೆ. ಚಿತ್ರದುರ್ಗದಲ್ಲಿ ತೋರಿಸಿದಾಗ ಮೂಳೆ ಉದ್ದ ಮಾಡುವ ಆಪರೇಷನ್ ಬೇಕಾಗಬಹುದು ಅಂದಿದ್ದಾರೆ. ಮಾಡಿಸಬೇಕಾ, ಬೇಡವಾ?

ನಾನು ಡಾಕ್ಟರ್ ಅಲ್ಲ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುತ್ತೇನೆ. ಆದರೆ ಈ ಗಂಟುಗಳು ನನ್ನ ಮೈಯಲ್ಲೂ ಇವೆ, ಮಗಳ ಮೈಯಲ್ಲೂ ಇವೆ. ಡಾಕ್ಟರುಗಳು ಇದನ್ನು ಮಲ್ಟಿಪಲ್ ಹೆರೆಡಿಟರಿ ಎಕ್ಸಾಸ್ಟೋಸಿಸ್ ಅನ್ನುತ್ತಾರೆ. ನನ್ನ ಕೈಗೆ ಯಾರೂ ಏನೂ ಮಾಡಲಿಲ್ಲ. ಅವಳ ಕೈಗೆ 9ನೇ ವಯಸ್ಸಿನಲ್ಲಿ ಆಪರೇಷನ್ ಆಯಿತು. ಹಾಗಾಗಿ ಎರಡನ್ನೂ ಕಂಡಿದ್ದೇನೆ.

ಮೊದಲು ನನ್ನ ಕೈ. ಬಲ ಅಂಗೈ ಪೂರ್ತಿ ಮೇಲಕ್ಕೆ ತಿರುಗುವುದಿಲ್ಲ. ತೀರ್ಥಕ್ಕೆ ಕೈ ಒಡ್ಡಿದರೆ ಕಿರುಬೆರಳ ಕಡೆಯಿಂದ ಅರ್ಧ ಸೋರಿ ಹೋಗುತ್ತದೆ. ಮೊಣಕೈ ಹೊರಗಡೆ ಒಂದು ಉಬ್ಬು ಇದೆ. ಅದು ಗಂಟು ಅಂತಲೇ 35 ವರ್ಷ ಅಂದುಕೊಂಡಿದ್ದೆ. ಮಗಳನ್ನು ತೋರಿಸಲು ಹೋದಾಗ ಡಾಕ್ಟರ್ ನನ್ನ ಕೈಯನ್ನೂ ಹಿಡಿದು ನೋಡಿದರು. ಅದು ಗಂಟಲ್ಲವಂತೆ, ಕೀಲಿನಿಂದ ಜಾರಿ ಹೊರಬಂದ ಮೂಳೆಯ ತಲೆಯಂತೆ. ಇಷ್ಟಾದರೂ ನಾನು ಅಕ್ಕಿ ಚೀಲ ಎತ್ತುತ್ತೇನೆ, ಬೈಕ್ ಓಡಿಸುತ್ತೇನೆ. ನೋವೂ ಇಲ್ಲ. ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ, ಆಪರೇಷನ್ ಮಾಡಿಸದಿದ್ದರೆ ಹುಡುಗನ ಬದುಕೇ ಹಾಳು ಅಂತ ಯಾರಾದರೂ ಹೆದರಿಸಿದರೆ ಹೆದರಬೇಡಿ. ಬಾಗಿದ ಕೈಯಲ್ಲೇ ಚೆನ್ನಾಗಿ ದುಡಿದು ತಿನ್ನುವವರು ಬೇಕಾದಷ್ಟು ಜನ ಇದ್ದಾರೆ.

ಹಾಗಾದರೆ ಮಗಳಿಗೆ ಯಾಕೆ ಮಾಡಿಸಿದೆ? ಆ ಮೂಳೆ ಜಾರುವುದನ್ನು ತಡೆಯಲು. ಉದ್ದಕ್ಕಾಗಿ ಅಲ್ಲ.

ಮುಂಗೈಯಲ್ಲಿ ಎರಡು ಮೂಳೆ. ಹೆಬ್ಬೆರಳ ಕಡೆ ರೇಡಿಯಸ್, ಕಿರುಬೆರಳ ಕಡೆ ಅಲ್ನಾ. ಅಲ್ನಾ ಮಣಿಕಟ್ಟಿನ ಹತ್ತಿರ ತೀರಾ ಸಣ್ಣ. ಅದರ ಉದ್ದದಲ್ಲಿ ಸುಮಾರು 80 ಪರ್ಸೆಂಟ್ ಬೆಳೆಯುವುದು ಆ ಸಣ್ಣ ತುದಿಯಿಂದಲೇ. ಸರಿಯಾಗಿ ಅಲ್ಲೇ ಗಂಟು ಎದ್ದರೆ ಬೆಳವಣಿಗೆ ಕುಂಟುತ್ತದೆ. ರೇಡಿಯಸ್ ಮಾತ್ರ ತನ್ನ ಪಾಡಿಗೆ ಬೆಳೆಯುತ್ತಲೇ ಇರುತ್ತದೆ. ಜೋಡೆತ್ತಿನಲ್ಲಿ ಒಂದು ಹಿಂದೆ ಬಿದ್ದರೆ ನೊಗ ಓರೆಯಾಗುತ್ತದಲ್ವಾ, ಹಾಗೆ. ಉದ್ದನೆಯ ಮೂಳೆ ಜಾಗ ಸಾಲದೆ ಬಿಲ್ಲಿನಂತೆ ಬಾಗುತ್ತದೆ, ಹಸ್ತ ಕಿರುಬೆರಳ ಕಡೆಗೆ ವಾಲುತ್ತದೆ. ಎಳೆತ ಇನ್ನೂ ಜಾಸ್ತಿಯಾದರೆ ಮೊಣಕೈಯಲ್ಲಿ ರೇಡಿಯಸ್ ತಲೆ ಕೀಲು ಬಿಟ್ಟು ಹೊರಗೆ ಬರುತ್ತದೆ. ಒಮ್ಮೆ ಪೂರ್ತಿ ಹೊರಗೆ ಬಂದು ವರ್ಷಗಳಾದರೆ ಒಳಗೆ ಕೂರಿಸುವುದು ಬಹಳ ಕಷ್ಟ.

ಹಾಗಾಗಿ ನಿಮ್ಮ ಡಾಕ್ಟರನ್ನು "ಎಷ್ಟು ಸೆಂಟಿಮೀಟರ್ ಗಿಡ್ಡ ಆಗಿದೆ?" ಅಂತ ಕೇಳುವ ಮೊದಲು "ರೇಡಿಯಸ್ ತಲೆ ಕೀಲಿನಲ್ಲಿ ಸರಿಯಾಗಿ ಕೂತಿದೆಯಾ?" ಅಂತ ಕೇಳಿ. ಕೂತಿದ್ದು, ಕೈಯೂ ಚೆನ್ನಾಗಿ ತಿರುಗುತ್ತಿದ್ದರೆ ಕಾಯಬಹುದು. ಆರು ತಿಂಗಳಿಗೊಮ್ಮೆ ಎಕ್ಸ್‌ರೇ ತೆಗೆಸಿ, ಹಳೆಯದರ ಪಕ್ಕದಲ್ಲಿಟ್ಟು ನೋಡಲು ಹೇಳಿ. ಮಣಿಕಟ್ಟು, ಮೊಣಕೈ ಎರಡೂ ಅದರಲ್ಲಿ ಕಾಣಬೇಕು. ಕೆಲವು ಮಕ್ಕಳಿಗೆ ಆ ತುದಿಯ ಗಂಟು ತೆಗೆದರೆ ಸಾಕಾಗುತ್ತದೆ. ತಲೆ ಜಾರಲು ಶುರುವಾಗಿದ್ದರೆ ಮಾತ್ರ ಜಾಸ್ತಿ ದಿನ ತಳ್ಳಬೇಡಿ. ನಾವು ಒಂದು ವರ್ಷ ತಳ್ಳಿದೆವು. ಮೊದಲು ತೋರಿಸಿದ ಕಡೆ ಮಣಿಕಟ್ಟಿನ ಎಕ್ಸ್‌ರೇ ಮಾತ್ರ ತೆಗೆದಿದ್ದರು. ಮೊಣಕೈ ಕಡೆ ಯಾರೂ ನೋಡಿರಲಿಲ್ಲ.

ಆಪರೇಷನ್ ಬೆಂಗಳೂರಿನಲ್ಲಿ ಆಯಿತು, ಮಕ್ಕಳ ಎಲುಬಿನ ಡಾಕ್ಟರ್ ಒಬ್ಬರ ಹತ್ತಿರ. ಇಲ್ಲಿಂದ ಸುಮಾರು 260 ಕಿಲೋಮೀಟರ್. ಅಲ್ನಾವನ್ನು ಒಂದು ಕಡೆ ಕತ್ತರಿಸಿ, ಮೇಲೆ ಕೆಳಗೆ ಪಿನ್ ಹಾಕಿ, ಹೊರಗೆ ಕಂಬಿಯಂಥ ಒಂದು ಸಾಧನ ಕೂರಿಸುತ್ತಾರೆ. ಒಂದು ವಾರ ಸುಮ್ನೆ ಬಿಡುತ್ತಾರೆ. ಆಮೇಲೆ ದಿನವೂ ಸ್ಕ್ರೂ ತಿರುಗಿಸಿ ಆ ಎರಡು ತುಂಡುಗಳನ್ನು ಚೂರುಚೂರೇ ದೂರ ಮಾಡಬೇಕು. ನಡುವಿನ ಸಂದಿಯಲ್ಲಿ ಹೊಸ ಮೂಳೆ ತಾನಾಗಿ ತುಂಬಿಕೊಳ್ಳುತ್ತದೆ. ನನಗೆ ಇದು ಇವತ್ತಿಗೂ ಪವಾಡವೇ. ಸೈಬೀರಿಯಾದ ಕುರ್ಗಾನ್ ಎಂಬ ಊರಿನಲ್ಲಿ ಇಲಿಝರೋವ್ ಎಂಬ ಡಾಕ್ಟರ್ 1950ರ ದಶಕದಲ್ಲಿ ಬೆಳೆಸಿದ ವಿದ್ಯೆಯಂತೆ. ಅವರದು ಬಳೆಯಂಥ ರಿಂಗುಗಳು. ಮಗಳಿಗೆ ಹಾಕಿದ್ದು ಒಂದೇ ಪಕ್ಕದ ಕಂಬಿ.

ಸಾಮಾನ್ಯವಾಗಿ ದಿನಕ್ಕೆ 1 ಮಿಲಿಮೀಟರ್, ಅಂದರೆ ಕಾಲು ಮಿಲಿಮೀಟರ್‌ನಂತೆ ನಾಲ್ಕು ಸಲ. ನಮಗೆ ಮೂರು ಸಲ ಸಾಕು ಅಂದರು. ಬೆಳಗ್ಗೆ 6, ಮಧ್ಯಾಹ್ನ 2, ರಾತ್ರಿ 10. ಬೇಕಾಗಿದ್ದದ್ದು 22 ಮಿಲಿಮೀಟರ್. ಅಂದರೆ 88 ಸಲ. ಭಟ್ಟಿಯಲ್ಲಿ ಚೀಲ ಎಣಿಸುವಾಗ ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕುತ್ತೇವಲ್ಲ, ಹಾಗೇ ಅಡುಗೆಮನೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಹಾಕುತ್ತಾ ಹೋದೆ.

ಹನ್ನೊಂದನೇ ದಿನವೋ ಏನೋ, ನಿದ್ದೆಗಣ್ಣಲ್ಲಿ ಉಲ್ಟಾ ತಿರುಗಿಸಿಬಿಟ್ಟೆ. ಮಧ್ಯಾಹ್ನವೂ ಉಲ್ಟಾ. ರಾತ್ರಿ ಹೆಂಡತಿ ಬಂದು ನೋಡಿ "ರೀ, ಬಾಣದ ಗುರುತು ಆ ಕಡೆ ಇದೆಯಲ್ಲ" ಅಂದಾಗ ಜೀವ ಬಾಯಿಗೆ ಬಂತು. ಫೋಟೋ ಕಳಿಸಿದೆವು. ಡಾಕ್ಟರ್ ಬೈಯಲಿಲ್ಲ, ಹೇಗೆ ಸರಿಮಾಡಬೇಕು ಅಂತ ಹೇಳಿದರು. ನೀವು ಮೊದಲ ದಿನವೇ ಕೆಂಪು ನೇಲ್‌ಪಾಲಿಶ್‌ನಲ್ಲಿ ದೊಡ್ಡದಾಗಿ ಗುರುತು ಹಾಕಿಬಿಡಿ. ತಿರುಗಿಸುವ ಕೆಲಸ ಮನೆಯಲ್ಲಿ ಒಬ್ಬರದೇ ಇರಲಿ, ಪಕ್ಕದಲ್ಲಿ ನೋಡಲು ಇನ್ನೊಬ್ಬರು ಇರಲಿ.

ತಿರುಗಿಸುವುದು ಒಂದು ತಿಂಗಳಿಗೆ ಮುಗಿಯಿತು. ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡಿದ್ದು ನಮ್ಮ ತಪ್ಪು. ಹೊಸ ಮೂಳೆ ಗಟ್ಟಿಯಾಗುವವರೆಗೆ ಕಂಬಿ ತೆಗೆಯುವಂತಿಲ್ಲ. ಒಟ್ಟು ನಾಲ್ಕೂವರೆ ತಿಂಗಳು ಅವಳ ಕೈಮೇಲಿತ್ತು. ಏಪ್ರಿಲ್ ರಜೆಯಲ್ಲಿ ಹಾಕಿಸಿದ್ದು, ಶಾಲೆ ಶುರುವಾಗಿ ಸುಮಾರು ದಿನ ಆದಮೇಲೆ ತೆಗೆದರು. ದಾವಣಗೆರೆ ಬಿಸಿಲು ನಿಮಗೆ ಹೇಳಬೇಕಾ? ಪಿನ್ ಸುತ್ತ ಬೆವರು, ತುರಿಕೆ. ದಿನವೂ ಅವರು ಹೇಳಿಕೊಟ್ಟ ಹಾಗೆ ಸಲೈನ್‌ನಲ್ಲಿ ಒರೆಸಿ ಹೊಸ ಗಾಜ್ ಬಟ್ಟೆ ಸುತ್ತಬೇಕು. ನಾನು ಭಟ್ಟಿಯಿಂದ ಬೂದಿ ಮೆತ್ತಿಕೊಂಡು ಬರುವವನು, ಸ್ನಾನ ಮಾಡದೆ ಅವಳ ಹತ್ತಿರ ಸುಳಿಯುವ ಹಾಗಿರಲಿಲ್ಲ. ಆದರೂ ಎರಡು ಸಲ ಒಂದು ಪಿನ್ ಬುಡ ಕೆಂಪಾಗಿ ಕೀವು ಬಂತು. ಮಾತ್ರೆಯಲ್ಲಿ ವಾಸಿಯಾಯಿತು. ಇದು ಬಹಳ ಮಕ್ಕಳಿಗೆ ಆಗುವುದೇ, ಗಾಬರಿ ಬೇಡ. ಆದರೆ ಕೆಂಪು, ಕೀವು, ಜ್ವರ ಕಂಡರೆ ಅವತ್ತೇ ಫೋನ್ ಮಾಡಿ. ಬೆರಳು ಜುಮ್ಮೆನ್ನುವುದು, ಮಡಚಲು ಆಗದಿರುವುದು ಇದ್ದರೆ ಇನ್ನೂ ಬೇಗ.

ಎಷ್ಟೇ ಅತ್ತರೂ ಬೆರಳು, ಮೊಣಕೈ ಆಡಿಸುವ ವ್ಯಾಯಾಮ ಬಿಡಿಸಬೇಡಿ. ಇವಳದು ಬಲಗೈ. ಎಡಗೈಯಲ್ಲಿ ಊಟ ಮಾಡುವುದನ್ನು ಕಂಡು ನಮ್ಮಮ್ಮ ಮುಖ ಸಿಂಡರಿಸುತ್ತಿದ್ದರು. ಕೊನೆಗೆ ಬೆಣ್ಣೆದೋಸೆ ಇಡೀದನ್ನು ಎಡಗೈಯಲ್ಲೇ ಮುಗಿಸುವಷ್ಟು ಪಳಗಿದಳು. ಫ್ರಾಕಿನ ಒಂದು ತೋಳನ್ನು ಉದ್ದಕ್ಕೂ ಬಿಚ್ಚಿ ಟಿಚ್ ಬಟನ್ ಹಾಕಿಸಿ, ಟೈಲರ್‌ಗೆ ಐದು ನಿಮಿಷದ ಕೆಲಸ.

ಇದೇ ಅಮ್ಮ, ಮಗಳಿಗೆ ಗಂಟು ಬಂದಾಗ ಸೊಸೆ ಗ್ರಹಣದಲ್ಲಿ ಹೊರಗೆ ಬಂದಿದ್ದೇ ಕಾರಣ ಅಂದಿದ್ದರು. ಕಾರಣ ಇಎಕ್ಸ್‌ಟಿ1 ಅಥವಾ ಇಎಕ್ಸ್‌ಟಿ2 ಎಂಬ ಜೀನ್‌ನಲ್ಲಿರುವ ದೋಷ. ಇವಳಿಗೆ ಬಂದಿದ್ದು ನನ್ನಿಂದ. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ 50 ಪರ್ಸೆಂಟ್, ಗಂಡಾಗಲಿ ಹೆಣ್ಣಾಗಲಿ. ನಿಮ್ಮ ಮನೆಯಲ್ಲೂ ಯಾರಾದರೂ ನಿಮ್ಮನ್ನು ದೂರುತ್ತಿದ್ದರೆ ಇದನ್ನು ಓದಿ ಹೇಳಿ. ಎಣ್ಣೆ ಹಚ್ಚಿ ತಿಕ್ಕಿದರೆ ಕರಗುತ್ತದೆ ಅನ್ನುವವರೂ ಬರುತ್ತಾರೆ. ಅದು ಮೂಳೆ, ಕರಗುವುದಿಲ್ಲ. ಬೆಳೆಯುವ ವಯಸ್ಸು ಮುಗಿದಮೇಲೆ ಗಂಟುಗಳೂ ನಿಲ್ಲುತ್ತವೆ. ದೊಡ್ಡವರಾದ ಮೇಲೂ ಒಂದು ಗಂಟು ದಪ್ಪವಾದರೆ, ಹೊಸದಾಗಿ ನೋವು ಶುರುವಾದರೆ ತೋರಿಸಲೇಬೇಕು. ಅಪರೂಪಕ್ಕೆ ಕ್ಯಾನ್ಸರ್ ಆಗುವುದುಂಟು. ನಿಮ್ಮ ಯಜಮಾನರಿಗೂ ಇದು ಅನ್ವಯಿಸುತ್ತದೆ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ವಿಚಾರವನ್ನು ಜಿಲ್ಲಾಸ್ಪತ್ರೆಯಲ್ಲಿ ಮೊದಲೇ ಕೇಳಿಕೊಳ್ಳಿ, ಅಡ್ಮಿಟ್ ಆದಮೇಲೆ ಓಡಾಡುವುದು ಕಷ್ಟ. ಖರ್ಚಿನ ಲೆಕ್ಕದಲ್ಲಿ ಬಸ್ಸು, ರೂಮು, ಬಿಟ್ಟ ಕೂಲಿ ಎಲ್ಲ ಸೇರಿಸಿ. ನಾವು ಬೆಂಗಳೂರಿಗೆ ಒಂಬತ್ತು ಸಲ ಹೋಗಿ ಬಂದೆವು.

ಫಲ ಏನು ಸಿಕ್ಕಿತು? ಕೈ ನೋಡಲು ನೆಟ್ಟಗಾಯಿತು. ಮೂಳೆಯ ತಲೆ ಕೀಲಿನಲ್ಲೇ ಉಳಿಯಿತು. ಆದರೆ ಅಂಗೈ ತಿರುಗುವುದು ಅಂಥದ್ದೇನೂ ಹೆಚ್ಚಾಗಲಿಲ್ಲ. ಆ ಆಸೆ ಇಟ್ಟುಕೊಳ್ಳಬೇಡಿ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಇನ್ನೊಂದು ಮಾತು, ನಿಮ್ಮ ಹುಡುಗನಿಗೆ ಎಂಟೇ ವರ್ಷ. ಇವತ್ತು ಉದ್ದ ಮಾಡಿದರೂ ರೇಡಿಯಸ್ ಬೆಳೆಯುತ್ತಲೇ ಇರುತ್ತದೆ, ಅಲ್ನಾ ಮತ್ತೆ ಹಿಂದೆ ಬೀಳಬಹುದು. ಅದಕ್ಕೇ ಕೆಲವು ಡಾಕ್ಟರುಗಳು ಬೇಕೆಂದೇ ಸ್ವಲ್ಪ ಹೆಚ್ಚು ಉದ್ದ ಮಾಡುತ್ತಾರೆ. ಎರಡನೇ ಸಲ ಮಾಡಿಸಿಕೊಳ್ಳುವ ಮಕ್ಕಳೂ ಇದ್ದಾರೆ.

ಮಗಳಿಗೆ ಈಗ 12. ಹೋದ ಸಲದ ಎಕ್ಸ್‌ರೇಯಲ್ಲಿ ಅಲ್ನಾ ಮತ್ತೆ 4 ಮಿಲಿಮೀಟರ್ ಹಿಂದೆ ಬಿದ್ದಿದೆ. ತಲೆ ಕೂತಲ್ಲೇ ಇದೆ, ಹಾಗಾಗಿ ಸದ್ಯಕ್ಕೆ ಕಾಯೋಣ ಅಂದಿದ್ದಾರೆ. ಮುಂದಿನ ಎಕ್ಸ್‌ರೇ ಡಿಸೆಂಬರ್‌ನಲ್ಲಿ.