ಸೋಲ್ ಕಾನ್ಸರ್ಟಿನಲ್ಲಿ ಸುಮ್ಮನೆ ಕೂತು ಕೇಳಿದರೆ ಸಾಕಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಯಾಕೆಂದರೆ ಹಿಂದೊಮ್ಮೆ ನನ್ನದೂ ಇದೇ ಪಾಡು. ಆಫೀಸಿನವರು ಸೋಲ್ ಮ್ಯೂಸಿಕ್ (ಅಮೆರಿಕದ ಕಪ್ಪು ಜನರ ಚರ್ಚಿನ ಹಾಡುಗಳಿಂದ ಬೆಳೆದ ಸಂಗೀತ) ಕಾನ್ಸರ್ಟಿಗೆ ಕರೆದಿದ್ದಾರೆ, ಒಂದು ಹಾಡೂ ಗೊತ್ತಿಲ್ಲ, ನಮ್ಮ ಸಂಗೀತ ಕಛೇರಿಗಳನ್ನು ಬಿಟ್ಟರೆ ಬೇರೆ ಅಭ್ಯಾಸ ಇಲ್ಲ, ಒಂದು ಮೂಲೆಯಲ್ಲಿ ಸುಮ್ಮನೆ ಕೂತು ಕೇಳಿ ಬಂದರೆ ನಡೆಯುತ್ತಾ ಅಂತ ಕೇಳಿದ್ದೀರಿ. ನಡೆಯುತ್ತದೆ. ಯಾರೂ ಏನೂ ಅನ್ನುವುದಿಲ್ಲ. ಆದರೆ ಅರ್ಧ ಹಾಡು ಕೇಳಿ ಎದ್ದು ಬಂದ ಹಾಗಾಗುತ್ತದೆ. ಇನ್ನರ್ಧ ಹಾಡುವವರು ಕೆಳಗೆ ಕೂತ ಜನ.

ನಾನಿರುವುದು ಅಮೆರಿಕದ ಮೆಂಫಿಸ್‌ನಲ್ಲಿ. ಮೊದಲ ಸಲ ಹೋದದ್ದು ಇಲ್ಲಿನ ಓವರ್ಟನ್ ಪಾರ್ಕಿನ ಬಯಲು ರಂಗಮಂದಿರಕ್ಕೆ. 1936ರಲ್ಲಿ ಕಟ್ಟಿದ್ದು. ವೇದಿಕೆಯ ಹಿಂದೆ ದೊಡ್ಡ ಚಿಪ್ಪು ಬಾಯಿ ತೆರೆದ ಹಾಗಿದೆ, ಅದಕ್ಕೇ ಎಲ್ಲರೂ ಶೆಲ್ ಅಂತಲೇ ಕರೆಯುತ್ತಾರೆ. ಎದುರಿಗೆ ಇಳಿಜಾರಿನ ಹುಲ್ಲು. ಬೇಸಿಗೆಯಲ್ಲಿ ಅಲ್ಲಿ ಪುಕ್ಕಟೆ ಕಾರ್ಯಕ್ರಮಗಳಿರುತ್ತವೆ. ಪುಕ್ಕಟೆ ಅಂತಲೇ ಹೋದೆ, ಸುಳ್ಳು ಯಾಕೆ ಹೇಳಲಿ.

ಸಂಜೆ ಏಳಕ್ಕೆ ಅಮ್ಮನ ಫೋನ್ ಬಂತು. ಊರಲ್ಲಿ ಆಗ ಬೆಳಗಿನ ಐದೂವರೆ, ಅಮ್ಮ ಹಾಲು ಕಾಯಿಸಲು ಇಟ್ಟು ಮಾತಿಗೆ ಕೂರುವ ಹೊತ್ತು. "ಸೋಲ್ ಮ್ಯೂಸಿಕ್ ಕೇಳೋಕೆ ಬಂದಿದೀನಮ್ಮ" ಅಂದೆ. "ಯಾರು ಸೋತರೋ?" ಅಂದರು.

ನಾನು ತಂದಿದ್ದು ಎತ್ತರದ ಮಡಚು ಕುರ್ಚಿ. ಅದನ್ನು ನಡುಮಧ್ಯೆ ಹಾಕಿ ಕೂತೆ. ಹಿಂದಿನಿಂದ ಒಬ್ಬರು ಭುಜ ತಟ್ಟಿದರು. ಎಪ್ಪತ್ತರ ಆಸುಪಾಸಿನ ಕಪ್ಪು ಹೆಂಗಸು, ತಲೆಗೆ ಅಗಲವಾದ ಹ್ಯಾಟು, ಕೈಯಲ್ಲಿ ಬೀಸಣಿಗೆ. "ಬೇಬಿ, ನಿನ್ನ ಕುರ್ಚಿ ನೋಡೋಕೆ ಬಂದಿಲ್ಲ ನಾನು" ಅಂದರು. ಇಲ್ಲಿನ ಹಿರಿಯ ಹೆಂಗಸರು ಗುರುತಿಲ್ಲದವರನ್ನೂ ಬೇಬಿ ಅಂತಾರೆ, ನಮ್ಮ ಕಡೆ ಅಜ್ಜಿಯರು ಮಗಾ ಅಂದ ಹಾಗೆ. ಕುರ್ಚಿ ಎತ್ತಿಕೊಂಡು ಹೋಗಿ ಅವರ ಪಕ್ಕದಲ್ಲೇ ಹಾಕಿಕೊಂಡೆ. ಆ ರಾತ್ರಿಯ ಪಾಠವೆಲ್ಲ ಅವರಿಂದಲೇ ಆದದ್ದು.

ಮೊದಲ ಪಾಠ ಚಪ್ಪಾಳೆ. ಬ್ಯಾಂಡ್ ಶುರುವಾಯಿತು, ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಏನೋ ಎಡವಟ್ಟು. ಎಲ್ಲರ ಕೈ ಕೂಡಿದಾಗ ನನ್ನದು ಬಿಟ್ಟಿದೆ, ನನ್ನದು ಕೂಡಿದಾಗ ಅವರದು ಬಿಟ್ಟಿದೆ. ಆ ಅಜ್ಜಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಎರಡೂ ಮಣಿಕಟ್ಟು ಹಿಡಿದು, ನಾಲ್ಕರ ಎಣಿಕೆಯಲ್ಲಿ ಒಂದಕ್ಕೆ ತಡೆದರು, ಎರಡಕ್ಕೆ ಬಿಟ್ಟರು. ಮೂರಕ್ಕೆ ತಡೆದರು, ನಾಲ್ಕಕ್ಕೆ ಬಿಟ್ಟರು. ನಮಗೆ ಆದಿತಾಳದ ಮೊದಲ ಪೆಟ್ಟು ತೊಡೆಯ ಮೇಲೆ ಬಿದ್ದೇ ಬೀಳಬೇಕು, ಭಜನೆಯಲ್ಲೂ ಅಷ್ಟೇ. ಇಲ್ಲಿ ಒಂದು, ಮೂರು ಖಾಲಿ. ಚಪ್ಪಾಳೆ ಎರಡಕ್ಕೆ, ನಾಲ್ಕಕ್ಕೆ. ಡ್ರಮ್ ಬಾರಿಸುವವನ ಎಡಗೈ ನೋಡಿ, ಸ್ನೇರ್ ಅನ್ನುವ ಚಿಕ್ಕ ಡ್ರಮ್ಮಿನ ಮೇಲೆ ಆ ಕೈ ಬೀಳುವಾಗ ನೀವೂ ತಟ್ಟಿ. ತಪ್ಪುವುದೇ ಇಲ್ಲ. ನನಗೆ ಎರಡು ಹಾಡು ಬೇಕಾಯಿತು, ನಿಮಗೆ ಒಂದೇ ಸಾಕಾಗಬಹುದು.

ಇನ್ನೊಂದು, ಆರ್ಗನ್ ಇದ್ದರೆ ಅದರ ಮೇಲೆ ಕಣ್ಣಿಡಿ. ಹ್ಯಾಮಂಡ್ ಆರ್ಗನ್ ಅಂತ, ಕೀ ಒತ್ತಿ ನುಡಿಸುವ ವಾದ್ಯ, ಮರದ ಮೇಜಿನ ಹಾಗಿರುತ್ತದೆ. ಪಕ್ಕದಲ್ಲಿ ಬೀರುವಿನಂಥ ಇನ್ನೊಂದು ಪೆಟ್ಟಿಗೆ. ಅದು ಲೆಸ್ಲಿ ಸ್ಪೀಕರ್. ಅದರೊಳಗೆ ಸದ್ದು ಹೊರಡುವ ಕೊಂಬು ನಿಜವಾಗಿಯೂ ಗಿರಗಿರ ತಿರುಗುತ್ತದೆ. ಚಿಕ್ಕವರಿದ್ದಾಗ ಟೇಬಲ್ ಫ್ಯಾನ್ ಮುಂದೆ ಮುಖ ಇಟ್ಟು 'ಆ' ಅಂತಿದ್ದೆವಲ್ಲ, ಧ್ವನಿ ನಡುಗುತ್ತಾ ಬರುತ್ತಿತ್ತು, ಅದೇ ಥರ. ನುಡಿಸುವವರು ಒಂದು ಸ್ವಿಚ್ ಒತ್ತಿದರೆ ನಿಧಾನ ಇದ್ದ ನಡುಕ ಜೋರಾಗುತ್ತದೆ. ಗಾಯಕಿ ಏನೋ ಹೇಳಹೊರಟಿದ್ದಾರೆ ಅಂತ ಅವರು ಬಾಯಿ ತೆರೆಯುವ ಮೊದಲೇ ಗೊತ್ತಾಗಿಬಿಡುತ್ತದೆ.

ಈ ಆರ್ಗನ್ ಬಂದದ್ದು ಚರ್ಚಿನಿಂದ. ಚಪ್ಪಾಳೆಯೂ, ಜನ ಮಧ್ಯೆ ಕೂಗುವುದೂ ಅಲ್ಲಿಯದೇ. ಕಪ್ಪು ಜನರ ಚರ್ಚುಗಳಲ್ಲಿ ಪಾದ್ರಿ ಒಂದು ಸಾಲು ಅಂದರೆ ಕೂತವರು ಒಂದು ಅನ್ನುತ್ತಾರೆ. 1954ರಲ್ಲಿ ಗಾಯಕ ರೇ ಚಾರ್ಲ್ಸ್ ಭಕ್ತಿಗೀತೆಯ ಧಾಟಿಗೆ ಹುಡುಗಿಯ ಮೇಲಿನ ಹಾಡು ಕೂಡಿಸಿದಾಗ ಬೈದವರು ಬಹಳ. ಬೈಯದೆ ಇರುತ್ತಾರಾ? ದಾಸರ ಪದದ ಮಟ್ಟಿನಲ್ಲಿ ಪಕ್ಕದ ಮನೆ ಹುಡುಗಿಯನ್ನು ಹೊಗಳಿದರೆ ನಮ್ಮ ಮನೆಗಳಲ್ಲಿ ಸುಮ್ಮನಿರುತ್ತಿದ್ದರಾ? ಉಲ್ಟಾ ದಾರಿ ಹಿಡಿದವರೂ ಇದ್ದಾರೆ. ಪ್ರೇಮಗೀತೆಗಳಿಂದಲೇ ಹೆಸರಾದ ಅಲ್ ಗ್ರೀನ್ 1976ರಲ್ಲಿ ಇದೇ ಊರಲ್ಲಿ ಒಂದು ಚರ್ಚ್ ಕೊಂಡು ತಾವೇ ಪಾದ್ರಿಯಾದರು.

ಮೆಂಫಿಸ್ ಕಡೆ ಬಂದರೆ ಸ್ಟ್ಯಾಕ್ಸ್ ಮ್ಯೂಸಿಯಂ ಬಿಡಬೇಡಿ. ಹಳೆಯ ಸಿನಿಮಾ ಟಾಕೀಸಿನಲ್ಲಿ ನಡೆಯುತ್ತಿದ್ದ ರೆಕಾರ್ಡಿಂಗ್ ಕಂಪನಿ ಅದು. ಸೋಲ್ ಗಾಯಕ ಓಟಿಸ್ ರೆಡ್ಡಿಂಗ್ ಹಾಡಿದ್ದು ಅಲ್ಲೇ. ಟಾಕೀಸು ಅಂದಮೇಲೆ ನೆಲ ಇಳಿಜಾರು, ಅದನ್ನು ಹಾಗೇ ಬಿಟ್ಟು ಸ್ಟುಡಿಯೋ ಮಾಡಿದ್ದರು. 1989ರಲ್ಲಿ ಆ ಕಟ್ಟಡವನ್ನೇ ಕೆಡವಿದರು. ಆಮೇಲೆ ಬುದ್ಧಿ ಬಂದು 2003ರಲ್ಲಿ ಅದೇ ಜಾಗದಲ್ಲಿ ಮ್ಯೂಸಿಯಂ ತೆರೆದರು, ಇಳಿಜಾರು ನೆಲ ಸಮೇತ. ಒಳಗೆ ಹೋದವರಿಗೆ ಮೊದಲು ಎದುರಾಗುವುದು ಗಿಟಾರೂ ಅಲ್ಲ, ಗಾಯಕರ ಬಟ್ಟೆಯೂ ಅಲ್ಲ. ಮಿಸಿಸಿಪಿಯ ಹಳ್ಳಿಯೊಂದರಿಂದ ಬಿಚ್ಚಿ ತಂದು ಮತ್ತೆ ಜೋಡಿಸಿದ ಪುಟ್ಟ ಮರದ ಚರ್ಚು.

ಜನರ ಕೂಗಿನ ಬೆಲೆ ಎಷ್ಟು ಅಂತ ತಿಳಿಯಬೇಕಾದರೆ ಹೋಗುವ ಮೊದಲು ಒಂದೇ ಒಂದು ರೆಕಾರ್ಡ್ ಕೇಳಿ. 1962ರ ಅಕ್ಟೋಬರ್ 24ರಂದು ನ್ಯೂಯಾರ್ಕಿನ ಹಾರ್ಲೆಮ್‌ನ ಅಪೋಲೋ ಥಿಯೇಟರಿನಲ್ಲಿ ಸೋಲ್ ಗಾಯಕ ಜೇಮ್ಸ್ ಬ್ರೌನ್ ಹಾಡಿದ್ದು. ಜನರ ಮುಂದೆ ಹಾಡಿದ್ದನ್ನೇ ಹಾಗೇ ರೆಕಾರ್ಡ್ ಮಾಡಿದರೆ ಯಾರು ಕೊಳ್ಳುತ್ತಾರೆ ಅಂತ ಕಂಪನಿಯ ಯಜಮಾನರು ದುಡ್ಡು ಹಾಕಲು ಒಪ್ಪಲಿಲ್ಲ. ಬ್ರೌನ್ ತಮ್ಮ ಕೈಯಿಂದಲೇ ಹಾಕಿದರು. ಮರುವರ್ಷ ಅದು ಹೊರಬಂದು ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ನಿಧಾನದ ಹಾಡೊಂದರಲ್ಲಿ ಅವರು ಸುಮ್ಮನಾಗುವ ಜಾಗಗಳಿವೆ. ಆ ಜಾಗ ತುಂಬುವುದು ಹೆಂಗಸರ ಕಿರುಚಾಟ. ಅದನ್ನು ತೆಗೆದರೆ ಹಾಡು ಕುಂಟುತ್ತದೆ.

ಶೆಲ್‌ನಲ್ಲಿ ಅವತ್ತು ಆದದ್ದೂ ಇದೇ, ಗಾತ್ರ ಮಾತ್ರ ಚಿಕ್ಕದು. ಮೊದಲ ಎರಡು ಹಾಡು ಬ್ಯಾಂಡ್ ಒಂದೇ ನುಡಿಸಿತು. ಆಮೇಲೆ ಒಬ್ಬರು ಬಂದು ಗಾಯಕಿಯ ಹೆಸರನ್ನು ಎಳೆದೆಳೆದು ಕೂಗಿದರು, ಆಗ ಅವರು ಬಂದರು. ಮೂರನೆಯದೋ ನಾಲ್ಕನೆಯದೋ ಹಾಡಿನ ನಡುವೆ ನಿಲ್ಲಿಸಿಬಿಟ್ಟರು. ಆರ್ಗನ್ ಮೆಲ್ಲಗೆ ಗುನುಗುತ್ತಲೇ ಇತ್ತು. ಗಂಡ ಮನೆ ಬಿಟ್ಟು ಹೋದ ದಿನ ಅಡುಗೆಮನೆಯಲ್ಲಿ ಏನು ಬೇಯುತ್ತಿತ್ತು ಅಂತ ಶುರು ಮಾಡಿದರು. ನಾನು ಅಂದುಕೊಂಡೆ, ಇದು ಹರಿಕಥೆ! ದಾಸರು ಪದ ನಿಲ್ಲಿಸಿ ಉಪಕಥೆಗೆ ಹೋಗಿ, ಎಲ್ಲೆಲ್ಲೋ ಸುತ್ತಿ, ಸರಿಯಾಗಿ ಅದೇ ಸಾಲಿಗೆ ಬಂದು ಬೀಳುತ್ತಾರಲ್ಲ, ಅದೇ. ಪಾತ್ರೆ ತಳ ಹಿಡಿಯಿತು ಅನ್ನುವಾಗ ನನ್ನ ಪಕ್ಕದ ಅಜ್ಜಿ "ಹೇಳು, ಹೇಳು" ಅಂತ ಜೋರಾಗಿ ಕೂಗಿದರು. ಗಾಯಕಿ ನಮ್ಮ ಕಡೆ ತಿರುಗಿ, "ಅಲ್ಲೊಬ್ಬಳಿಗೆ ಗೊತ್ತಿದೆ ನೋಡಿ" ಅಂದು ನೇರ ಹಾಡಿಗೆ ಹಾರಿದರು. ಅಷ್ಟೂ ಜನ ಎದ್ದು ನಿಂತರು. ನನ್ನ ಕೈ ತಾನಾಗಿ ಎರಡಕ್ಕೆ, ನಾಲ್ಕಕ್ಕೆ ಬೀಳುತ್ತಿತ್ತು.

ಹಾಡು ಮುಗಿಯಿತು ಅಂತ ಬೇಗ ಕೂರಬೇಡಿ. ಡ್ರಮ್ ಧಡ್ ಅಂತ ನಿಲ್ಲುತ್ತದೆ, ನೀವು ಕೂರುತ್ತೀರಿ, ಮತ್ತೆ ಶುರು. ನಾನು ಮೂರು ಸಲ ಕೂತೆ. ಜೇಮ್ಸ್ ಬ್ರೌನ್ ಇದನ್ನೇ ಒಂದು ನಾಟಕ ಮಾಡಿದ್ದರು. ಸುಸ್ತಾಗಿ ಮಂಡಿಯೂರಿ ಕುಸಿಯುವುದು, ಒಬ್ಬರು ಬಂದು ಹೆಗಲಿಗೆ ಶಾಲಿನಂಥ ನಿಲುವಂಗಿ ಹೊದಿಸಿ ಕರೆದುಕೊಂಡು ಹೊರಡುವುದು, ಅರ್ಧ ದಾರಿಯಲ್ಲಿ ಅದನ್ನು ಕಿತ್ತೆಸೆದು ಮೈಕಿಗೆ ಓಡಿ ಬರುವುದು. ಎಲ್ಲರಿಗೂ ಗೊತ್ತಿದ್ದೂ ಪ್ರತಿ ಸಲ ಕಿರುಚುತ್ತಿದ್ದರು.

ಸಾಹಿತ್ಯ ಅರ್ಥವಾಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಪಲ್ಲವಿ ಹತ್ತು ಸಲ ಬರುತ್ತದೆ, ಐದನೇ ಸಲಕ್ಕೆ ಬಾಯಿಗೆ ಬಂದಿರುತ್ತದೆ. ಫೋನ್ ಎತ್ತಿ ಹಿಡಿದು ವಿಡಿಯೋ ಮಾಡುತ್ತಾ ನಿಂತರೆ ಚಪ್ಪಾಳೆಗೆ ಕೈ ಇರುವುದಿಲ್ಲ, ಅಷ್ಟು ನೆನಪಿರಲಿ. ಕುಣಿಯಲು ಬರಲ್ಲ ಅಂತ ಮುಜುಗರವಾ? ತೂಗಾಡಿದರೂ ನಡೆಯುತ್ತೆ. ನಾನು ಇವತ್ತಿಗೂ ತೂಗಾಡುವುದೇ.

ಟಿಕೆಟ್ಟಿನಲ್ಲಿ ಸೀಟ್ ನಂಬರ್ ಇದೆಯಾ ಒಮ್ಮೆ ನೋಡಿ. ಇಲ್ಲದಿದ್ದರೆ ನಿಂತು ಕೇಳುವ ಜಾಗ ಇರಬಹುದು, ಹಳೆಯ ಶೂ ಹಾಕಿಕೊಂಡು ಹೋಗಿ. ಆಗ ಸ್ಪೀಕರ್ ಪಕ್ಕ ನಿಲ್ಲಬೇಡಿ, ಎರಡು ದಿನ ಕಿವಿ ಗುಂಯ್ ಅನ್ನುತ್ತದೆ. ಹಿಂದಿನ ಸಾಲಿನಲ್ಲಿ ದೊಡ್ಡ ಮೇಜಿನ ಮುಂದೆ ಗುಬುಟುಗಳನ್ನು ತಿರುಗಿಸುತ್ತಾ ಒಬ್ಬರು ಇರುತ್ತಾರೆ. ಸದ್ದನ್ನು ಹದ ಮಾಡುವವರು ಅವರೇ, ತಮ್ಮ ಕಿವಿಗೆ ಸರಿ ಕಂಡಷ್ಟು. ಅವರ ಎದುರಿಗೇ ನಿಂತುಕೊಳ್ಳಿ, ತೀರಾ ಎತ್ತರದವರಾದರೆ ಒಂದು ಪಕ್ಕಕ್ಕೆ.